ಎಸ್‌ಎಂಪಿಎಸ್ ಪರೀಕ್ಷೆಗೆ ಯಾವ ಸಾಧನ? ಸ್ಥಿರತೆ ಮತ್ತು ದಕ್ಷತೆಯ ಅಳತೆಗೆ ಒಂದು ಹೋಲಿಕೆ

ಕೆಲಸದ ನಡುವೆ ಕಂಪ್ಯೂಟರು ತಾನಾಗಿಯೇ ಆಫ್ ಆಗಿ ಮತ್ತೆ ಶುರುವಾದಾಗ ನಾವು ಮೊದಲು ರ‍್ಯಾಮ್ ಮೇಲೆ, ಆಮೇಲೆ ಗ್ರಾಫಿಕ್ಸ್ ಕಾರ್ಡ್ ಮೇಲೆ, ಅವೆರಡೂ ಸರಿಯಿವೆ ಎಂದು ಗೊತ್ತಾದ ಮೇಲೆ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಬದಲಿಸಿ ಕೊಡುವ ಪೆಟ್ಟಿಗೆಯ ಮೇಲೆ, ಸಂಶಯಪಡುತ್ತೇವೆ. ಅಷ್ಟು ಹೊತ್ತಿಗೆ ತಾಳ್ಮೆ ಕಡಿಮೆಯಾಗಿರುತ್ತದೆ. ಕೈಗೆ ಸಿಕ್ಕಿದ ಯಾವುದೋ ಒಂದು ಸಾಧನದಿಂದ ಪರೀಕ್ಷಿಸಿ, ಅದು ತೋರಿಸಿದ ಅಂಕಿಯನ್ನೇ ತೀರ್ಪೆಂದು ಒಪ್ಪಿಕೊಳ್ಳುತ್ತೇವೆ. ಪೇಪರ್ ಕ್ಲಿಪ್, ಕೈಯಲ್ಲಿ ಹಿಡಿಯುವ ಟೆಸ್ಟರ್, ಸಾಫ್ಟ್‌ವೇರ್, ಮಲ್ಟಿಮೀಟರ್, ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್, ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್, ಬೇಕಾದಷ್ಟು ವಿದ್ಯುತ್ತನ್ನು ಎಳೆಯುವ ಎಲೆಕ್ಟ್ರಾನಿಕ್ ಲೋಡ್ ಇವುಗಳಲ್ಲಿ ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡಬಲ್ಲದು. ಉಳಿದ ಪ್ರಶ್ನೆಗಳ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಆ ಮೌನವನ್ನು ನಾವು ಒಪ್ಪಿಗೆಯೆಂದು ತಿಳಿದಾಗಲೇ ಕೆಟ್ಟ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ಉಳಿದುಹೋಗುತ್ತದೆ.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇಲ್ಲಿ ವಿವರಿಸುವ ಯಾವ ಪರೀಕ್ಷೆಗೂ ಎಸ್‌ಎಂಪಿಎಸ್‌ನ ಲೋಹದ ಪೆಟ್ಟಿಗೆಯನ್ನು ಬಿಚ್ಚುವ ಅಗತ್ಯವಿಲ್ಲ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 400 ವೋಲ್ಟಿನ ಆಸುಪಾಸಿನ ವಿದ್ಯುತ್ತು ಸಂಗ್ರಹವಾಗಿರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಎಲ್ಲ ಅಳತೆಗಳನ್ನೂ ಹೊರಗಿನ ಕನೆಕ್ಟರುಗಳಲ್ಲಿಯೇ ಮಾಡಬೇಕು.

ಯಾವ ಮಿತಿಯೊಳಗೆ ಇರಬೇಕು?

ಕಂಪ್ಯೂಟರಿನ ಮದರ್‌ಬೋರ್ಡ್, ಎಸ್‌ಎಂಪಿಎಸ್ ಮುಂತಾದವು ಹೇಗಿರಬೇಕೆಂದು ಹೇಳುವ, ಇಂಟೆಲ್ 1995ರಲ್ಲಿ ಪರಿಚಯಿಸಿದ ಎಟಿಎಕ್ಸ್ ಮಾನದಂಡವೇ ಇಂದಿಗೂ ಅಳತೆಗೋಲು. ಅದರ ಪ್ರಕಾರ 12, 5 ಮತ್ತು 3.3 ವೋಲ್ಟಿನ ಮುಖ್ಯ ಲೈನುಗಳು ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಅಂದರೆ 12 ವೋಲ್ಟಿನ ಲೈನು 11.40ರಿಂದ 12.60ರ ನಡುವೆ, 5 ವೋಲ್ಟಿನದು 4.75ರಿಂದ 5.25ರ ನಡುವೆ, 3.3 ವೋಲ್ಟಿನದು ಸುಮಾರು 3.14ರಿಂದ 3.46ರ ನಡುವೆ ಇರಬೇಕು. ಋಣ 12 ವೋಲ್ಟಿನ ಲೈನಿಗೆ ಶೇಕಡಾ 10ರ ರಿಯಾಯಿತಿ ಇದೆ. ಇಂದಿನ ಯಂತ್ರಗಳಲ್ಲಿ ಅದಕ್ಕೆ ಹೆಚ್ಚಿನ ಕೆಲಸವಿಲ್ಲ. 2022ರಲ್ಲಿ ಬಂದ ಎಟಿಎಕ್ಸ್ 3.0 ಆವೃತ್ತಿಯು 12 ವೋಲ್ಟಿನ ಕೆಳಮಿತಿಯನ್ನು ಸ್ವಲ್ಪ ಸಡಿಲಿಸಿದೆಯಾದರೂ, ಮನೆಯಲ್ಲಿ ಪರೀಕ್ಷಿಸುವವರು 11.40ನ್ನೇ ಗೆರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ನಾನು ನಂಬುತ್ತೇನೆ. ಹೊಸ, ಒಳ್ಳೆಯ ಎಸ್‌ಎಂಪಿಎಸ್ ಈ ಗೆರೆಯ ಹತ್ತಿರವೂ ಬರುವುದಿಲ್ಲ.

ಇದು ಸರಾಸರಿ ವೋಲ್ಟೇಜಿನ ಮಾತಾಯಿತು. ಏಕಮುಖ ವಿದ್ಯುತ್ತಿನಲ್ಲಿ ಉಳಿದುಕೊಳ್ಳುವ ಅತಿ ವೇಗದ ಸಣ್ಣ ಏರಿಳಿತಕ್ಕೆ, ಅಂದರೆ ರಿಪಲ್‌ಗೆ, ಬೇರೆಯೇ ಮಿತಿಯಿದೆ: 12 ವೋಲ್ಟಿನ ಲೈನಿನಲ್ಲಿ ತುದಿಯಿಂದ ತುದಿಗೆ 120 ಮಿಲಿವೋಲ್ಟ್, 5 ಮತ್ತು 3.3 ವೋಲ್ಟಿನ ಲೈನುಗಳಲ್ಲಿ 50 ಮಿಲಿವೋಲ್ಟ್. ಸರಾಸರಿ 12.00 ಇದ್ದು ರಿಪಲ್ 200 ಮಿಲಿವೋಲ್ಟ್ ಇರುವ ಎಸ್‌ಎಂಪಿಎಸ್ ಮಲ್ಟಿಮೀಟರಿನ ಕಣ್ಣಿಗೆ ನಿರ್ದೋಷಿಯಾಗಿಯೇ ಕಾಣುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಧನದ ಆಯ್ಕೆ ಬಹಳ ಮಟ್ಟಿಗೆ ಸುಲಭವಾಗುತ್ತದೆ.

ಪೇಪರ್ ಕ್ಲಿಪ್ ಮತ್ತು ಟೆಸ್ಟರ್

24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ 16ನೆಯ ಪಿನ್ನು ಆನ್ ಮಾಡುವ ಸಂಕೇತದ್ದು. ಹಳೆಯ ಬಣ್ಣದ ವೈರುಗಳಲ್ಲಿ ಅದು ಹಸಿರು. ಅದನ್ನು ಯಾವುದಾದರೂ ಕಪ್ಪು ವೈರಿಗೆ ಜೋಡಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಎಸ್‌ಎಂಪಿಎಸ್ ಶುರುವಾಗುತ್ತದೆ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿಯಿದೆ ಎಂದು ಹೇಳುವುದನ್ನು ಅನೇಕರಿಂದ ಕೇಳಿದ್ದೇನೆ. ಅದರಿಂದ ತಿಳಿಯುವುದು ಅದು ಸಂಪೂರ್ಣವಾಗಿ ಸತ್ತಿಲ್ಲ ಎಂಬುದಷ್ಟೇ. ಕಡಿಮೆ ಲೋಡಿನಲ್ಲಿ, ಅಂದರೆ ಎಳೆಯುವ ವಿದ್ಯುತ್ತು ಕಡಿಮೆ ಇರುವಾಗ, ಫ್ಯಾನ್ ನಿಲ್ಲಿಸುವ ಹೊಸ ಮಾದರಿಗಳಲ್ಲಿ ಅಷ್ಟೂ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಫ್ಯಾನ್ ತಿರುಗದಿರುವುದೇ ಸಹಜ.

ಸಣ್ಣ ಪರದೆಯಿರುವ ಟೆಸ್ಟರ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎಲ್ಲ ಲೈನುಗಳ ವೋಲ್ಟೇಜನ್ನು ಒಟ್ಟಿಗೆ ತೋರಿಸುವುದಲ್ಲದೆ, ಮಲ್ಟಿಮೀಟರ್ ತೋರಿಸಲಾರದ ಒಂದು ಸಂಗತಿಯನ್ನೂ ಅದು ತೋರಿಸುತ್ತದೆ: ಆನ್ ಆದ ಮೇಲೆ ವೋಲ್ಟೇಜುಗಳು ನೆಲೆಗೊಂಡಿವೆ ಎಂಬ ಸಂಕೇತವನ್ನು ಎಸ್‌ಎಂಪಿಎಸ್ ಎಷ್ಟು ಮಿಲಿಸೆಕೆಂಡುಗಳಲ್ಲಿ ಕೊಡುತ್ತದೆ ಎಂಬುದನ್ನು. ಪರದೆಯ ಮೇಲೆ ಪಿಜಿ (ಪವರ್ ಗುಡ್) ಎಂದು ಕಾಣುವ ಈ ಅಂಕಿ 100ರಿಂದ 500ರ ನಡುವೆ ಇರಬೇಕು. ಆನ್ ಬಟನ್ ಒತ್ತಿದಾಗ ಒಮ್ಮೆ ಶುರುವಾಗಿ, ಒಮ್ಮೆ ಶುರುವಾಗದೆ ಸತಾಯಿಸುವ ಯಂತ್ರಗಳಲ್ಲಿ ಈ ಅಂಕಿ ನಿಜವಾಗಿಯೂ ಉಪಯುಕ್ತ. ಆದರೆ ಟೆಸ್ಟರ್ ಹಾಕುವ ಲೋಡು ಅತ್ಯಲ್ಪ. ನೂರಾರು ವ್ಯಾಟ್ ಕೊಡಬೇಕಾದ ಸಾಧನವನ್ನು ಖಾಲಿ ಕೈಯಲ್ಲಿ ನಿಲ್ಲಿಸಿ ಅದರ ಶಕ್ತಿಯನ್ನು ನಿರ್ಣಯಿಸಲಾಗದು. ಹಲವು ಯಂತ್ರಗಳನ್ನು ದಿನವೂ ನೋಡಬೇಕಾದ ರಿಪೇರಿ ಮಾಡುವವರಿಗೆ ಸತ್ತವುಗಳನ್ನು ಬೇಗ ಬೇರ್ಪಡಿಸಲು ಟೆಸ್ಟರ್ ಇರಲಿ. ಒಂದೇ ಯಂತ್ರದ ಒಡೆಯರು ಅದೇ ಹಣದಲ್ಲಿ ಸಾಧಾರಣ ಮಲ್ಟಿಮೀಟರ್ ಕೊಳ್ಳುವುದು ಜಾಣತನ.

ಸಾಫ್ಟ್‌ವೇರಿನ ಅಂಕಿಗಳು

ಎಚ್‌ಡಬ್ಲ್ಯೂಇನ್ಫೋದಂಥ ಪ್ರೋಗ್ರಾಮುಗಳು ತೋರಿಸುವ ವೋಲ್ಟೇಜು ಮದರ್‌ಬೋರ್ಡಿನ ಮೇಲಿನ ಒಂದು ಚಿಪ್ಪಿನಿಂದ ಬರುತ್ತದೆ. ಆ ಚಿಪ್ಪು 12 ವೋಲ್ಟನ್ನು ನೇರವಾಗಿ ಓದಲಾರದು. ಎರಡು ರೆಸಿಸ್ಟರುಗಳ ಮೂಲಕ ಇಳಿಸಿದ ಸಣ್ಣ ವೋಲ್ಟೇಜನ್ನು ಓದುತ್ತದೆ, ಪ್ರೋಗ್ರಾಮು ಅದನ್ನು ಮತ್ತೆ ಗುಣಿಸಿ ತೋರಿಸುತ್ತದೆ. ಯಾವ ಅನುಪಾತದಿಂದ ಗುಣಿಸಬೇಕೆಂಬುದು ಪ್ರೋಗ್ರಾಮಿಗೆ ತಪ್ಪಾಗಿ ತಿಳಿದಿದ್ದರೆ ಆರೋಗ್ಯವಾಗಿರುವ ಯಂತ್ರವೂ 8 ಅಥವಾ 9 ವೋಲ್ಟ್ ತೋರಿಸುವುದುಂಟು. ನಿಜವಾಗಿ ಅಷ್ಟು ಇಳಿದಿದ್ದರೆ ಯಂತ್ರ ನಡೆಯುತ್ತಲೇ ಇರಲಿಲ್ಲ ಎಂಬುದನ್ನು ನೆನಪಿಟ್ಟರೆ ಗಾಬರಿ ತಪ್ಪುತ್ತದೆ.

ಹಾಗೆಂದು ಸಾಫ್ಟ್‌ವೇರನ್ನು ತಳ್ಳಿಹಾಕಬೇಕಿಲ್ಲ. ಅಂಕಿ ತಪ್ಪಿದ್ದರೂ ಅಂಕಿಯ ಚಲನೆ ಬಹುಮಟ್ಟಿಗೆ ನಿಜ. ಸುಮ್ಮನಿದ್ದಾಗ 12.10 ತೋರಿಸುತ್ತಿದ್ದುದು ಪೂರ್ಣ ಲೋಡಿನಲ್ಲಿ 11.60ಕ್ಕೆ ಇಳಿದರೆ ಆ ಅರ್ಧ ವೋಲ್ಟಿನ ಕುಸಿತವನ್ನು ಗಂಭೀರವಾಗಿ ಪರಿಗಣಿಸಬೇಕು. ಗ್ರಾಫಿಕ್ಸ್ ಕಾರ್ಡು ತನ್ನ ವಿದ್ಯುತ್ ಕನೆಕ್ಟರಿನಲ್ಲಿಯೇ ಅಳೆದು ಹೇಳುವ ವೋಲ್ಟೇಜು ಲಭ್ಯವಿದ್ದರೆ ಅದು ಮದರ್‌ಬೋರ್ಡಿನದಕ್ಕಿಂತ ಹೆಚ್ಚು ನಂಬಲರ್ಹ. ಗಂಟೆಗಟ್ಟಲೆ ದಾಖಲೆ ಇಡುವುದು ಸಾಫ್ಟ್‌ವೇರಿನ ದೊಡ್ಡ ಅನುಕೂಲ. ಮೀಟರ್ ಹಿಡಿದು ಅಷ್ಟು ಹೊತ್ತು ಕೂರಲು ಯಾರಿಗೂ ಆಗದು.

ಮಲ್ಟಿಮೀಟರ್, ಆದರೆ ಲೋಡಿನೊಂದಿಗೆ

ಮನೆಯ ಬಳಕೆದಾರರಿಗೆ ಒಂದೇ ಸಾಧನವನ್ನು ಹೇಳಬೇಕೆಂದರೆ ನಾನು ಮಲ್ಟಿಮೀಟರನ್ನೇ ಹೇಳುತ್ತೇನೆ, ಆದರೆ ಒಂದು ಷರತ್ತಿನ ಮೇಲೆ: ಅಳತೆ ನಡೆಯುವಾಗ ಯಂತ್ರ ದುಡಿಯುತ್ತಿರಬೇಕು. ಸಾಧಾರಣ ಡಿಜಿಟಲ್ ಮೀಟರಿನ ಏಕಮುಖ ವೋಲ್ಟೇಜಿನ ತಪ್ಪು ಸಾಮಾನ್ಯವಾಗಿ ಶೇಕಡಾ 0.5ರ ಸುತ್ತ ಇರುತ್ತದೆ. 12 ವೋಲ್ಟಿನಲ್ಲಿ ಅದು 0.06 ವೋಲ್ಟ್ ಮಾತ್ರ. ಶೇಕಡಾ 5ರ ಮಿತಿಯನ್ನು ಪರೀಕ್ಷಿಸಲು ಇಷ್ಟು ನಿಖರತೆ ಧಾರಾಳವಾಗಿ ಸಾಕು.

ಮೊದಲ ಅಳತೆಯನ್ನು ಕಂಪ್ಯೂಟರು ಆಫ್ ಇದ್ದು ಪ್ಲಗ್ ಮಾತ್ರ ಆನ್ ಇರುವಾಗ ಮಾಡಬೇಕು. 24 ಪಿನ್ನಿನ ಕನೆಕ್ಟರಿನ 9ನೆಯ ಪಿನ್ನಿನಲ್ಲಿ, ಅಂದರೆ ನೇರಳೆ ವೈರಿನಲ್ಲಿ, ಆಗಲೂ 5 ವೋಲ್ಟ್ ಇರಬೇಕು. ಯಂತ್ರವನ್ನು ಎಬ್ಬಿಸುವ ಈ ಸಣ್ಣ ಸ್ಟ್ಯಾಂಡ್‌ಬೈ ಲೈನು ದಿನದ 24 ಗಂಟೆಯೂ ದುಡಿಯುವುದರಿಂದ ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಇದು ಮೊದಲು ಬಳಲುವುದು ಅಪರೂಪವಲ್ಲ. ಆ ಬಳಿಕ ಯಂತ್ರವನ್ನು ಆನ್ ಮಾಡಿ, ಕನೆಕ್ಟರನ್ನು ಮದರ್‌ಬೋರ್ಡಿನಿಂದ ಕೀಳದೆಯೇ, ಅದರ ಹಿಂಬದಿಯಲ್ಲಿ ವೈರು ಒಳಹೋಗುವ ಸಂದಿನಿಂದ ಮೀಟರಿನ ತೆಳುವಾದ ಪ್ರೋಬನ್ನು (ಅಳತೆಯ ಕಡ್ಡಿಯನ್ನು) ತೂರಿಸಿ ಹಳದಿ (12 ವೋಲ್ಟ್), ಕೆಂಪು (5 ವೋಲ್ಟ್), ಕಿತ್ತಳೆ (3.3 ವೋಲ್ಟ್) ವೈರುಗಳನ್ನು ಅಳೆಯಬೇಕು. ಎಲ್ಲ ವೈರುಗಳೂ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಬಣ್ಣದ ಬದಲು ಪಿನ್ನಿನ ಸ್ಥಾನವನ್ನು ನೋಡಿಕೊಳ್ಳಬೇಕಾಗುತ್ತದೆ. ಪ್ರೋಬು ಜಾರಿ ಎರಡು ಪಿನ್ನುಗಳನ್ನು ಒಟ್ಟಿಗೆ ಮುಟ್ಟಿದರೆ ಶಾರ್ಟ್ ಆಗುತ್ತದೆ; ಆದ್ದರಿಂದ ಕಪ್ಪು ಪ್ರೋಬನ್ನು ಬೇರೆ ಕನೆಕ್ಟರಿನ ನೆಲದ (ಗ್ರೌಂಡ್, ಅಂದರೆ ಕಪ್ಪು ವೈರಿನ) ಪಿನ್ನಿಗೆ ಮೊದಲೇ ಕಟ್ಟಿ, ಒಂದೇ ಕೈಯಲ್ಲಿ ಕೆಂಪು ಪ್ರೋಬನ್ನು ಹಿಡಿಯುವುದು ಕ್ಷೇಮಕರ.

ಸುಮ್ಮನಿದ್ದಾಗಿನ ಅಂಕಿಯನ್ನು ಬರೆದುಕೊಂಡು, ಪ್ರೊಸೆಸರನ್ನು ದುಡಿಸುವ ಪ್ರೈಮ್95 ಮತ್ತು ಗ್ರಾಫಿಕ್ಸ್ ಕಾರ್ಡನ್ನು ದುಡಿಸುವ ಫರ್‌ಮಾರ್ಕ್ ಪ್ರೋಗ್ರಾಮುಗಳನ್ನು ಒಟ್ಟಿಗೆ ನಡೆಸಿ ಅಥವಾ ಒಸಿಸಿಟಿಯ ವಿದ್ಯುತ್ ಪರೀಕ್ಷೆಯನ್ನು ಹಾಕಿ, ಅರ್ಧ ಗಂಟೆ ಬಿಡಬೇಕು. ಅರ್ಧ ಗಂಟೆ ಏಕೆಂದರೆ ಬಿಸಿಯಾದ ಎಸ್‌ಎಂಪಿಎಸ್‌ನ ನಡವಳಿಕೆ ತಣ್ಣಗಿದ್ದಾಗಿನದಕ್ಕಿಂತ ಬೇರೆಯಾಗಿರುತ್ತದೆ. ದೋಷಗಳು ಹೊರಬರುವುದು ಹೆಚ್ಚಾಗಿ ಬಿಸಿಯಲ್ಲಿಯೇ. 12.10ರಿಂದ 11.98ಕ್ಕೆ ಇಳಿದರೆ ಅದು ಶೇಕಡಾ 1ರ ಕುಸಿತ, ಒಳ್ಳೆಯ ಲಕ್ಷಣ. 11.74ಕ್ಕೆ ಇಳಿದರೆ ಶೇಕಡಾ 3. ಮಿತಿಯೊಳಗೇ ಇದ್ದರೂ ಅದೇ ಅಳತೆಯನ್ನು ಕೆಲವು ತಿಂಗಳ ಬಳಿಕ ಮತ್ತೊಮ್ಮೆ ಮಾಡುವುದು ಒಳ್ಳೆಯದು.

ಎಲ್ಲಿ ಅಳೆಯುತ್ತೇವೆ ಎಂಬುದೂ ಅಳೆಯುವಷ್ಟೇ ಮುಖ್ಯವೆಂದು ನಾನು ಕಲಿತದ್ದು ಒಂದು ಯಂತ್ರದಿಂದ. ಆಟ ಆಡುವಾಗ ಮಾತ್ರ ಆಫ್ ಆಗುತ್ತಿದ್ದ ಅದರಲ್ಲಿ ಟೆಸ್ಟರ್ ಎಲ್ಲವೂ ಸರಿಯೆಂದಿತು, 24 ಪಿನ್ನಿನ ಕನೆಕ್ಟರಿನಲ್ಲಿ ಲೋಡಿನಡಿಯೂ 11.8 ವೋಲ್ಟಿತ್ತು. ಗ್ರಾಫಿಕ್ಸ್ ಕಾರ್ಡಿನ ಕನೆಕ್ಟರಿನಲ್ಲಿ ಅಳೆದಾಗ ಮಾತ್ರ 11.2 ಕಂಡಿತು. ಒಂದೇ ಕೇಬಲ್ಲಿನ ಎರಡು ತಲೆಗಳನ್ನೂ ಕಾರ್ಡಿಗೆ ಸಿಕ್ಕಿಸಲಾಗಿತ್ತು, ಒಂದು ಪಿನ್ನು ಸಡಿಲವಾಗಿ ಕಂದುಬಣ್ಣಕ್ಕೆ ತಿರುಗಿತ್ತು. 20 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ಪ್ರತಿರೋಧವಿದ್ದರೂ 0.2 ವೋಲ್ಟ್ ಅಲ್ಲಿಯೇ ಕಳೆದುಹೋಗುತ್ತದೆ. ಸಡಿಲ ಪಿನ್ನು ಅದನ್ನು ಇನ್ನೂ ಹೆಚ್ಚಿಸುತ್ತದೆ. ಎರಡು ಬೇರೆ ಕೇಬಲ್ಲುಗಳನ್ನು ಬಳಸಿದ ಮೇಲೆ ಅದೇ ಎಸ್‌ಎಂಪಿಎಸ್ ಯಾವ ತಕರಾರೂ ಇಲ್ಲದೆ ನಡೆಯಿತು.

ಲೋಡನ್ನು ಎಲ್ಲಿಂದ ತರುವುದು?

ಕಂಪ್ಯೂಟರನ್ನೇ ಲೋಡಾಗಿ ಬಳಸುವುದು ಸರಳ ಮತ್ತು ವಾಸ್ತವಕ್ಕೆ ಹತ್ತಿರ, ಆದರೆ ಸಂಶಯಾಸ್ಪದ ಎಸ್‌ಎಂಪಿಎಸ್‌ಗೆ ಬೆಲೆಬಾಳುವ ಕಾರ್ಡನ್ನು ಜೋಡಿಸಿ ಪರೀಕ್ಷಿಸುವುದರಲ್ಲಿ ಅಪಾಯವಿದೆ. ಅಂಥ ಸಂದರ್ಭದಲ್ಲಿ ರೆಸಿಸ್ಟರುಗಳು ಉತ್ತಮ. 12 ವೋಲ್ಟಿಗೆ 1 ಓಮಿನ ರೆಸಿಸ್ಟರ್ ಜೋಡಿಸಿದರೆ 12 ಆಂಪಿಯರ್ ಹರಿದು 144 ವ್ಯಾಟ್ ಶಾಖ ಹುಟ್ಟುತ್ತದೆ. ಆದ್ದರಿಂದ ಅಷ್ಟನ್ನು ತಾಳುವ, ಅಲ್ಯೂಮಿನಿಯಂ ಹೊದಿಕೆಯ ದೊಡ್ಡ ರೆಸಿಸ್ಟರನ್ನು ಹೀಟ್‌ಸಿಂಕಿಗೆ ಬಿಗಿದು ಫ್ಯಾನಿನ ಗಾಳಿಯಲ್ಲಿ ಇಡಬೇಕು. ಅದೇ ರೆಸಿಸ್ಟರ್ 5 ವೋಲ್ಟಿನಲ್ಲಿ 25 ವ್ಯಾಟ್ ಮಾತ್ರ ಎಳೆಯುತ್ತದೆ. ವಾಹನದ ಹೆಡ್‌ಲೈಟ್ ಬಲ್ಬುಗಳನ್ನೂ ಬಳಸುವವರಿದ್ದಾರೆ. ತಣ್ಣಗಿರುವ ತಂತಿಯ ಪ್ರತಿರೋಧ ಬಿಸಿಯಾದಾಗಿನದರ ಸಣ್ಣ ಭಾಗವಷ್ಟೇ ಆಗಿರುವುದರಿಂದ ಮೊದಲ ಕ್ಷಣದಲ್ಲಿ ಬಲ್ಬು ಹಲವು ಪಟ್ಟು ವಿದ್ಯುತ್ತನ್ನು ಎಳೆಯುತ್ತದೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗಾಗಿ ಆಫ್ ಆಗುತ್ತದೆ, ನಾವು ಅದನ್ನು ಕೆಟ್ಟದ್ದೆಂದು ಬದಿಗಿಡುತ್ತೇವೆ. ಹಾಗಾಗಿ ಬಲ್ಬುಗಳನ್ನು ನಾನು ಸೂಚಿಸುವುದಿಲ್ಲ.

ಎಲೆಕ್ಟ್ರಾನಿಕ್ ಲೋಡು ಇಷ್ಟು ಆಂಪಿಯರ್ ಎಂದು ಹೇಳಿದರೆ ಅಷ್ಟನ್ನೇ ಎಳೆಯುತ್ತದೆ, ಬೇಕೆಂದಾಗ ಕ್ಷಣಾರ್ಧದಲ್ಲಿ ಏರಿಸಿ ಇಳಿಸುತ್ತದೆ. ವೃತ್ತಿಪರ ವಿಮರ್ಶಕರು ಕ್ರೋಮಾದಂಥ ಸಂಸ್ಥೆಗಳ ಬಹುಚಾನೆಲ್ ಲೋಡುಗಳನ್ನು ಬಳಸುವುದು ಇದಕ್ಕಾಗಿಯೇ. ಇದರ ನಿಜವಾದ ಬೆಲೆ ತಿಳಿಯುವುದು ಅಸಮ ಲೋಡಿನ ಪರೀಕ್ಷೆಯಲ್ಲಿ. ಅಗ್ಗದ ಹಳೆಯ ವಿನ್ಯಾಸಗಳಲ್ಲಿ 12 ಮತ್ತು 5 ವೋಲ್ಟುಗಳನ್ನು ಒಟ್ಟಿಗೆ ನಿಯಂತ್ರಿಸುತ್ತಾರೆ. 12 ವೋಲ್ಟಿನ ಮೇಲೆ ಭಾರ ಹೆಚ್ಚಿ 5 ವೋಲ್ಟ್ ಖಾಲಿ ಇದ್ದರೆ ಒಂದು ಇಳಿದು ಇನ್ನೊಂದು ಏರುತ್ತದೆ. 12 ವೋಲ್ಟನ್ನು ಮಾತ್ರ ಮೂಲವಾಗಿ ತಯಾರಿಸಿ ಅದರಿಂದಲೇ 5 ಮತ್ತು 3.3 ವೋಲ್ಟುಗಳನ್ನು ಬೇರೆಯಾಗಿ ಪಡೆಯುವ ಹೊಸ ವಿನ್ಯಾಸಗಳಲ್ಲಿ ಈ ತೊಂದರೆ ಬಹುಪಾಲು ಇಲ್ಲ. ಇಂದಿನ ಕಂಪ್ಯೂಟರುಗಳು ಬಹುತೇಕ ಎಲ್ಲ ವಿದ್ಯುತ್ತನ್ನೂ 12 ವೋಲ್ಟಿನಿಂದಲೇ ಎಳೆಯುವುದರಿಂದ ಹಳೆಯ ವಿನ್ಯಾಸದ ದೋಷ ಇಂದಿನ ಯಂತ್ರದಲ್ಲಿ ಹೆಚ್ಚು ಬೇಗ ಹೊರಬೀಳುತ್ತದೆ. ಮನೆಯ ಒಂದು ಯಂತ್ರಕ್ಕಾಗಿ ಅಂಥ ಲೋಡನ್ನು ಕೊಳ್ಳುವುದು ಮಾತ್ರ ಅನವಶ್ಯಕ.

ರಿಪಲ್‌ಗೆ ಆಸಿಲೋಸ್ಕೋಪೇ ಬೇಕು

ಮಲ್ಟಿಮೀಟರನ್ನು ಎಸಿ ಸ್ಥಾನಕ್ಕೆ ತಿರುಗಿಸಿ ರಿಪಲ್ ಅಳೆಯಬಹುದೆಂಬ ಸಲಹೆ ಬಹಳ ಕಡೆ ಹರಿದಾಡುತ್ತಿದೆ. ಸಾಧಾರಣ ಮೀಟರುಗಳ ಎಸಿ ಅಳತೆ ಕೆಲವು ನೂರು ಹರ್ಟ್ಜ್‌ಗಳವರೆಗೆ, ಒಳ್ಳೆಯವುಗಳದ್ದು ಕೆಲವು ಸಾವಿರದವರೆಗೆ ನಿಖರ; ಎಸ್‌ಎಂಪಿಎಸ್‌ನ ಸ್ವಿಚಿಂಗ್, ಅಂದರೆ ಒಳಗೆ ವಿದ್ಯುತ್ತನ್ನು ಆನ್-ಆಫ್ ಮಾಡುವ ಕೆಲಸ, ನಡೆಯುವುದು ಹತ್ತಾರು ಸಾವಿರದಿಂದ ಲಕ್ಷಗಳ ಹರ್ಟ್ಜ್‌ ವೇಗದಲ್ಲಿ. ಮೀಟರು ಕಡಿಮೆ ತೋರಿಸಿದರೆ ರಿಪಲ್ ಕಡಿಮೆಯಿದೆ ಎಂದಲ್ಲ, ಮೀಟರಿಗೆ ಅದು ಕಾಣುತ್ತಿಲ್ಲ ಎಂದರ್ಥ. ಕೈಯಲ್ಲಿ ಹಿಡಿಯುವ ಅತಿ ಅಗ್ಗದ ಆಸಿಲೋಸ್ಕೋಪುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮಾನದಂಡ ಹೇಳುವ ವಿಧಾನವೆಂದರೆ, ಲೋಡಿನ ತುದಿಯಲ್ಲಿ 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಮತ್ತು 10 ಮೈಕ್ರೋಫ್ಯಾರಡಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಜೋಡಿಸಿ, ಸ್ಕೋಪಿನ ಬ್ಯಾಂಡ್‌ವಿಡ್ತನ್ನು 20 ಮೆಗಾಹರ್ಟ್ಜ್‌ಗೆ ಮಿತಿಗೊಳಿಸಿ, ತುದಿಯಿಂದ ತುದಿಗೆ ಅಳೆಯುವುದು. ಪ್ರೋಬಿನ ಉದ್ದನೆಯ ನೆಲದ ವೈರು ಆಂಟೆನಾದಂತೆ ಸುತ್ತಲಿನ ಗದ್ದಲವನ್ನೆಲ್ಲ ಹಿಡಿಯುವುದರಿಂದ ಅದರ ಬದಲು ಪ್ರೋಬಿನ ತುದಿಗೆ ಹಾಕುವ ಸಣ್ಣ ನೆಲದ ಸ್ಪ್ರಿಂಗನ್ನು ಬಳಸಬೇಕು; ಇಲ್ಲದಿದ್ದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಮಿತಿ ಮೀರಿದಂತೆ ಕಾಣುತ್ತದೆ. ಹೊಸದಾಗಿದ್ದಾಗ ಚೆನ್ನಾಗಿದ್ದ ರಿಪಲ್ ವರ್ಷಗಳು ಕಳೆದಂತೆ ಏರಿದ್ದರೆ ಕಾರಣ ಸಾಮಾನ್ಯವಾಗಿ ಒಣಗುತ್ತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಅವುಗಳ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಲೆಕ್ಕ.

ದಕ್ಷತೆ: ಮೀಟರೋ, ಮುದ್ರೆಯೋ?

ದಕ್ಷತೆಯೆಂದರೆ ಹೊರಗೆ ಕೊಟ್ಟ ವ್ಯಾಟನ್ನು ಗೋಡೆಯಿಂದ ಎಳೆದ ವ್ಯಾಟಿನಿಂದ ಭಾಗಿಸಿದ್ದು. ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರು ಎರಡನೆಯದನ್ನು ಮಾತ್ರ ಹೇಳುತ್ತದೆ. ಎರಡು 1 ಓಮಿನ ರೆಸಿಸ್ಟರುಗಳ ಮೇಲೆ ನಿಖರವಾಗಿ 12 ವೋಲ್ಟಿದ್ದು 288 ವ್ಯಾಟ್ ಹೊರಬರುವಾಗ ಗೋಡೆಯ ಮೀಟರು 320 ತೋರಿಸಿದರೆ ದಕ್ಷತೆ ಶೇಕಡಾ 90 ಎಂದು ಲೆಕ್ಕ ಹಾಕಬಹುದು. ಆದರೆ ರೆಸಿಸ್ಟರಿನ ಮೌಲ್ಯದಲ್ಲಿಯೇ ಶೇಕಡಾ 5ರ ವ್ಯತ್ಯಾಸ ಸಹಜವಾಗಿರುವಾಗ ಈ 90 ಎಂಬುದು 86 ಅಥವಾ 94 ಕೂಡ ಆಗಿರಬಹುದು. ಹೀಗಾಗಿ ಮನೆಯ ಅಳತೆಯಿಂದ 80 ಪ್ಲಸ್ ಎಂಬ ದಕ್ಷತೆಯ ಮುದ್ರೆಯ ಗೋಲ್ಡ್ ಮತ್ತು ಪ್ಲಾಟಿನಂ ದರ್ಜೆಗಳನ್ನು ಬೇರ್ಪಡಿಸುವ ಪ್ರಯತ್ನಕ್ಕೆ ಅರ್ಥವಿಲ್ಲ. ವ್ಯಾಟ್ ಮೀಟರಿನ ಸರಿಯಾದ ಬಳಕೆ ಬೇರೆಯದು: ಒಂದೇ ಯಂತ್ರಕ್ಕೆ, ಒಂದೇ ಲೋಡಿನಲ್ಲಿ, ಎರಡು ಎಸ್‌ಎಂಪಿಎಸ್‌ಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ ಗೋಡೆಯಿಂದ ಎಳೆಯುವ ವ್ಯಾಟನ್ನು ಹೋಲಿಸುವುದು. ವೈರಿನ ಸುತ್ತ ಹಿಡಿಸಿ ಅಳೆಯುವ ಕ್ಲ್ಯಾಂಪ್ ಮೀಟರಿನ ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರೆ ಸಾಲದು. ಪವರ್ ಫ್ಯಾಕ್ಟರ್ (ನಿಜವಾದ ವ್ಯಾಟಿಗೂ ವೋಲ್ಟ್-ಆಂಪಿಯರುಗಳ ಗುಣಲಬ್ಧಕ್ಕೂ ಇರುವ ಅನುಪಾತ) ಸರಿಪಡಿಸದ ಹಳೆಯ ಮಾದರಿಗಳಲ್ಲಿ ಆ ಗುಣಲಬ್ಧ ನಿಜವಾದ ವ್ಯಾಟಿಗಿಂತ ಬಹಳ ಹೆಚ್ಚಿರುತ್ತದೆ.

ನಿಖರ ಅಂಕಿಗೆ ಪ್ರಯೋಗಾಲಯದ ಮುದ್ರೆಯನ್ನೇ ಅವಲಂಬಿಸಬೇಕು. 2004ರಲ್ಲಿ ಆರಂಭವಾದ 80 ಪ್ಲಸ್ ಯೋಜನೆ ಶೇಕಡಾ 20, 50 ಮತ್ತು 100ರ ಲೋಡಿನಲ್ಲಿ ಅಳೆಯುತ್ತದೆ. 115 ವೋಲ್ಟಿನ ಪರೀಕ್ಷೆಯಲ್ಲಿ ಬ್ರಾಂಜ್‌ಗೆ ಬೇಕಾದ ದಕ್ಷತೆ ಕ್ರಮವಾಗಿ ಶೇಕಡಾ 82, 85, 82. ಗೋಲ್ಡ್‌ಗೆ 87, 90, 87. ಪ್ಲಾಟಿನಂಗೆ 90, 92, 89 ಬೇಕು. ಟೈಟೇನಿಯಂ ಮಾತ್ರ ಶೇಕಡಾ 10ರ ಲೋಡಿನಲ್ಲಿಯೂ 90ನ್ನು ಕೇಳುತ್ತದೆ. ಈ ಕೊನೆಯ ವಿವರ ಕಾಣುವುದಕ್ಕಿಂತ ದೊಡ್ಡದು: 1000 ವ್ಯಾಟಿನ ಎಸ್‌ಎಂಪಿಎಸ್‌ಗೆ ಜೋಡಿಸಿದ ಯಂತ್ರ ದಿನದ ಬಹುಪಾಲು 60 ವ್ಯಾಟಿನಲ್ಲಿ ಸುಮ್ಮನಿದ್ದರೆ ಅದು ಶೇಕಡಾ 6ರ ಲೋಡು, ಗೋಲ್ಡ್ ಮುದ್ರೆ ಆ ಸ್ಥಿತಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೈಬೆನೆಟಿಕ್ಸ್ ಸಂಸ್ಥೆಯ ಈಟಾ ದರ್ಜೆ ಇನ್ನೂ ಹೆಚ್ಚು ಲೋಡುಗಳಲ್ಲಿ ಅಳೆಯುತ್ತದೆ, ಸ್ಟ್ಯಾಂಡ್‌ಬೈ ಲೈನಿನ ದಕ್ಷತೆಯನ್ನೂ ಪರಿಗಣಿಸುತ್ತದೆ, ಶಬ್ದಕ್ಕೆ ಲ್ಯಾಂಬ್ಡಾ ಎಂಬ ಬೇರೆಯೇ ದರ್ಜೆಯನ್ನು ಕೊಡುತ್ತದೆ. ಎರಡೂ ಮುದ್ರೆಗಳಿದ್ದರೆ ನಾನು ಸೈಬೆನೆಟಿಕ್ಸ್ ವರದಿಯನ್ನು ಮೊದಲು ಓದುತ್ತೇನೆ. ದಕ್ಷತೆಯ ಮುದ್ರೆ ಸ್ಥಿರತೆಯ ಪ್ರಮಾಣಪತ್ರವಲ್ಲ ಎಂಬುದನ್ನು ಮಾತ್ರ ಮರೆಯಬಾರದು. 80 ಪ್ಲಸ್ ದರ್ಜೆಗೆ ರಿಪಲ್ ಆಗಲಿ ಶಬ್ದವಾಗಲಿ ಆಧಾರವಲ್ಲ.

ಉಳಿತಾಯದ ಲೆಕ್ಕವನ್ನೂ ನೋಡಬಹುದು. 300 ವ್ಯಾಟ್ ಕೊಡಲು ಶೇಕಡಾ 85ರ ಎಸ್‌ಎಂಪಿಎಸ್ 353 ವ್ಯಾಟ್ ಎಳೆದರೆ ಶೇಕಡಾ 90ರದ್ದು 333 ಎಳೆಯುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಪೂರ್ತಿ ಇದೇ ಲೋಡಿದ್ದರೆ ವ್ಯತ್ಯಾಸ ಸುಮಾರು 57 ಯೂನಿಟ್. ದಿನಕ್ಕೆ ಒಂದೆರಡು ಗಂಟೆ ಬಳಸುವವರಿಗೆ ಮೇಲಿನ ದರ್ಜೆಯ ಹೆಚ್ಚುವರಿ ಬೆಲೆ ಬೇಗ ಹಿಂದಿರುಗುವುದಿಲ್ಲ. ಸದಾ ದುಡಿಯುವ ಯಂತ್ರಕ್ಕೆ ಹಿಂದಿರುಗುತ್ತದೆ. ಕಡಿಮೆ ಶಾಖ ಮತ್ತು ನಿಧಾನವಾಗಿ ತಿರುಗುವ ಫ್ಯಾನ್ ಎರಡೂ ಸಂದರ್ಭಗಳಲ್ಲಿ ಸಿಗುವ ಲಾಭ.

ಎಲ್ಲ ಅಂಕಿಗಳೂ ಸರಿಯಿದ್ದರೂ ಯಂತ್ರ ಆಫ್ ಆದರೆ

ಇಂದಿನ ಗ್ರಾಫಿಕ್ಸ್ ಕಾರ್ಡುಗಳು ಸೆಕೆಂಡಿನ ಹತ್ತುಸಾವಿರದ ಒಂದು ಭಾಗದಷ್ಟು ಕಾಲ ತಮ್ಮ ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯಬಲ್ಲವು. ಎಟಿಎಕ್ಸ್ 3.0 ಮಾನದಂಡದಲ್ಲಿ 100 ಮೈಕ್ರೋಸೆಕೆಂಡುಗಳ ಕಾಲ ನಿಗದಿತ ಸಾಮರ್ಥ್ಯದ ಎರಡು ಪಟ್ಟನ್ನು ತಾಳಬೇಕೆಂಬ ನಿಯಮ ಬಂದದ್ದು ಈ ಕಾರಣಕ್ಕೆ. ಮಲ್ಟಿಮೀಟರಿನ ಗರಿಷ್ಠ–ಕನಿಷ್ಠ ದಾಖಲೆಗೂ, ಸಾಫ್ಟ್‌ವೇರಿಗೂ ಇಷ್ಟು ಚಿಕ್ಕ ಕ್ಷಣ ಸಿಗುವುದಿಲ್ಲ. ಲಕ್ಷಣವನ್ನು ನೋಡಿಯೇ ಊಹಿಸಬೇಕು. ಯಂತ್ರ ಪೂರ್ತಿಯಾಗಿ ಆಫ್ ಆಗಿ, ಹಿಂಬದಿಯ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕುವವರೆಗೂ ಮತ್ತೆ ಶುರುವಾಗದಿದ್ದರೆ ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆಯೇ ಅದನ್ನು ನಿಲ್ಲಿಸಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ಮಿತಿಯನ್ನು ಅದರ ಸಾಫ್ಟ್‌ವೇರಿನಲ್ಲಿ ಶೇಕಡಾ 70ಕ್ಕೆ ಇಳಿಸಿದಾಗ ತೊಂದರೆ ಮಾಯವಾದರೆ ಸಂಶಯ ಇನ್ನಷ್ಟು ಬಲವಾಗುತ್ತದೆ. ಆಗ ಹೆಚ್ಚಿನ ಸಾಮರ್ಥ್ಯದ, ಎಟಿಎಕ್ಸ್ 3.0 ಅಥವಾ 2023ರ 3.1 ಆವೃತ್ತಿಗೆ ಹೊಂದುವ ಮತ್ತೊಂದು ಎಸ್‌ಎಂಪಿಎಸ್ಸನ್ನು ಒಂದು ವಾರದ ಮಟ್ಟಿಗೆ ಎರವಲು ತಂದು ಜೋಡಿಸುವುದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಸಾಧ್ಯವಿಲ್ಲ. ಜೋಡಿಸುವಾಗ ಹೊಸದರ ಕೇಬಲ್ಲುಗಳನ್ನೇ ಬಳಸಬೇಕು. ಎಸ್‌ಎಂಪಿಎಸ್ ಕಡೆಯ ಸಾಕೆಟ್ಟಿನಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜು ಎಂಬುದಕ್ಕೆ ಎಲ್ಲ ತಯಾರಕರಿಗೂ ಒಂದೇ ನಿಯಮವಿಲ್ಲ, ಹಳೆಯ ಕೇಬಲ್ಲು ಸರಿಯಾಗಿ ಕೂತಂತೆ ಕಂಡರೂ ಹಾರ್ಡ್ ಡಿಸ್ಕಿಗೆ 5ರ ಬದಲು 12 ವೋಲ್ಟ್ ಹೋಗಿ ಅದು ಸುಟ್ಟುಹೋಗಬಹುದು.